ದೂರದ ಶಾಲೆ, ಸೈಕಲ್ಲಿನ ದಾರಿ ಮತ್ತು ಕಾಲಿನ ಸೆಳೆತ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ನಿವೃತ್ತ ಮುಖ್ಯಾಧ್ಯಾಪಕನು ಕನ್ನಡ ನುಡಿಯ ಹಿರಿಮೆಯನ್ನು ಕುರಿತು ಬರೆಯುವನೆಂದು ವಾಚಕರು ನಿರೀಕ್ಷಿಸುವುದು ಸಹಜ. ಆ ವಿಷಯವನ್ನು ನನಗಿಂತ ಚೆನ್ನಾಗಿ ಬಲ್ಲವರಿದ್ದಾರೆ. ನಾನು ಕಾಲಿನ ಮೀನಖಂಡವನ್ನು ಕುರಿತು ನಾಲ್ಕು ಮಾತು ಬರೆಯಬಯಸುತ್ತೇನೆ. ಇದು ವಿನೋದಕ್ಕಾಗಿ ಹೇಳಿದ ಮಾತಲ್ಲ. ನಮ್ಮ ಅಕ್ಕಲಕೋಟ ಸೀಮೆಯಲ್ಲಿ ಕನ್ನಡ ಮಾಧ್ಯಮದ ಪ್ರೌಢಶಾಲೆ ಪ್ರತಿಯೊಂದು ಊರಿನಲ್ಲಿಯೂ ಇಲ್ಲ. ತಾಯ್ನುಡಿಯಲ್ಲಿಯೇ ಓದನ್ನು ಮುಂದುವರಿಸಬೇಕೆಂಬ ಮಗು ಎಷ್ಟೋ ಸಲ ಓರಗೆಯವರಿಗಿಂತ ಹೆಚ್ಚು ದೂರ ಸೈಕಲ್ ತುಳಿಯಬೇಕಾಗುತ್ತದೆ. ಆ ಮಗುವಿನ ಕಾಲು ಸೋತರೆ ಹಾಜರಿ ತಪ್ಪುತ್ತದೆ. ಹಾಜರಿ ತಪ್ಪಿದರೆ ಓದು ಹಿಂದೆ ಬೀಳುತ್ತದೆ. ಆದುದರಿಂದ ಕಾಲಿನ ವಿಚಾರವೂ ಶಾಲೆಯ ವಿಚಾರವೇ ಆಗಿದೆ.

ಈ ವರ್ಷದ ಉತ್ಸವದ ಅಂಗವಾಗಿ ಸೊಲ್ಲಾಪುರದವರೆಗೆ ಸೈಕಲ್ ಜಾಥಾ ಹೊರಡಿಸಬೇಕೆಂದು ಹಳೆಯ ವಿದ್ಯಾರ್ಥಿಗಳು ಕೆಲವರು ಸೂಚಿಸಿದ್ದಾರೆ. ಅಕ್ಕಲಕೋಟದಿಂದ ಅಲ್ಲಿಗೆ ಸುಮಾರು 40 ಕಿಲೋಮೀಟರ್. ಸೂಚನೆ ಉತ್ತಮವಾದುದು, ನಾನದನ್ನು ಅನುಮೋದಿಸುತ್ತೇನೆ. ಆದರೆ ಸಿದ್ಧತೆಯಿಲ್ಲದೆ ಒಂದು ದಿನದ ಉತ್ಸಾಹದಿಂದ ಹೊರಟರೆ ಅರ್ಧ ದಾರಿಯಲ್ಲಿ ರಸ್ತೆಯ ಪಕ್ಕದಲ್ಲಿ ಕಾಲು ಹಿಡಿದುಕೊಂಡು ಕುಳಿತವರ ಸಾಲನ್ನೇ ಕಾಣಬೇಕಾದೀತು.

ಮೀನಖಂಡವು ಗಂಟಾಗಿ ಬಿಗಿದುಕೊಳ್ಳುವುದನ್ನು ನಮ್ಮವರು ನರ ಹಿಡಿಯಿತೆನ್ನುತ್ತಾರೆ. ನೆರೆಯ ಮರಾಠಿ ಬಂಧುಗಳು ಪಾಯಾತ ಗೋಳಾ ಆಲಾ ಎನ್ನುತ್ತಾರೆ. ಕಾರಣವನ್ನು ಕೇಳಿದರೆ ಎಲ್ಲರ ಉತ್ತರವೂ ಒಂದೇ: ಮೈಯಲ್ಲಿ ಉಪ್ಪು ಕಡಿಮೆಯಾಯಿತು. ಈ ನಂಬಿಕೆ ನಿರಾಧಾರವಲ್ಲ. ಇಂಗ್ಲೆಂಡಿನ ಕಲ್ಲಿದ್ದಲು ಗಣಿಗಳ ಕಾರ್ಮಿಕರನ್ನು ಕುರಿತು 1923ರಲ್ಲಿ ಮಾಸ್ ಎಂಬ ಸಂಶೋಧಕರು ಪ್ರಕಟಿಸಿದ ಅಧ್ಯಯನವಿದೆ. ಕಾವಿನಲ್ಲಿ ಬೆವರು ಸುರಿಸಿ ಬರಿಯ ನೀರನ್ನು ಕುಡಿದವರಿಗೆ ಸೆಳೆತ ಬರುತ್ತಿತ್ತು. ಉಪ್ಪು ಬೆರೆಸಿದ ನೀರಿನಿಂದ ಅದು ತಗ್ಗುತ್ತಿತ್ತು. ಆದರೆ ಇದು ಪೂರ್ಣ ಸತ್ಯವಲ್ಲ. ದಕ್ಷಿಣ ಆಫ್ರಿಕಾದ ವೈದ್ಯ ಶ್ವೆಲ್ನುಸ್ ಮತ್ತು ಸಂಗಡಿಗರು 1997ರಲ್ಲಿ ಬೇರೆಯೇ ವಿವರಣೆಯನ್ನು ಮುಂದಿಟ್ಟರು. ಸ್ನಾಯುವಿಗೆ ಎರಡು ಬಗೆಯ ಕಾವಲುಗಳುಂಟು: ಒಂದು 'ಕುಗ್ಗು' ಎಂದು ಪ್ರಚೋದಿಸುತ್ತದೆ, ಸ್ನಾಯುರಜ್ಜುವಿನಲ್ಲಿರುವ ಇನ್ನೊಂದು 'ಸಾಕು' ಎಂದು ತಡೆಯುತ್ತದೆ. ಸ್ನಾಯು ಅತಿಯಾಗಿ ದಣಿದಾಗ ಮೊದಲಿನದರ ಕೂಗು ಹೆಚ್ಚಿ ಎರಡನೆಯದರ ದನಿ ಕ್ಷೀಣಿಸುತ್ತದೆ. ಆಗ ಸ್ನಾಯು ಬಿಡದೆ ಬಿಗಿದುಕೊಳ್ಳುತ್ತದೆ. ಅವರ ತಂಡವೇ 2011ರಲ್ಲಿ 210 ಮಂದಿ ಐರನ್‌ಮ್ಯಾನ್ ಸ್ಪರ್ಧಿಗಳನ್ನು ಕುರಿತ ಅಧ್ಯಯನವನ್ನು ಪ್ರಕಟಿಸಿತು. ಸೆಳೆತವನ್ನು ಮುನ್ಸೂಚಿಸಿದುದು ನೀರಿನ ಕೊರತೆಯಲ್ಲ, ರಕ್ತದ ಸೋಡಿಯಂನ ಏರಿಳಿತವೂ ಅಲ್ಲ; ಅತಿವೇಗ ಮತ್ತು ಹಿಂದೆ ಸೆಳೆತ ಬಂದಿದ್ದುದು.

ಈ ಮಾತನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಸೆಳೆತ ಬಂದ ಹುಡುಗನನ್ನು 'ಪುಕ್ಕಲ', 'ಕಾಲಲ್ಲಿ ಕಸುವಿಲ್ಲ' ಎಂದು ಹಾಸ್ಯ ಮಾಡುವ ರೂಢಿ ಆಟದ ಮೈದಾನಗಳಲ್ಲಿ ಇನ್ನೂ ಅಳಿದಿಲ್ಲ. ಅದು ಅನ್ಯಾಯ. ಅಭ್ಯಾಸಕ್ಕೆ ಮೀರಿದ ಹೊರೆ ಹೊರಿಸಿದರೆ ಬಲಿಷ್ಠನ ಕಾಲೂ ಬಿಗಿಯುತ್ತದೆ. ಆದುದರಿಂದ ಮೊದಲ ಪರಿಹಾರ ಅಭ್ಯಾಸವೇ. ಜಾಥಾಕ್ಕೆ ಆರು ವಾರ ಮೊದಲೇ ಪ್ರಾರಂಭಿಸಿ, ವಾರಕ್ಕೆ ಮೂರು ದಿನ 10 ಕಿಲೋಮೀಟರಿನಿಂದ ತೊಡಗಿ, ಮೆಲ್ಲಮೆಲ್ಲನೆ 30 ಕಿಲೋಮೀಟರಿಗೆ ಏರಿಸಬೇಕು. ಹೊರಟ ದಿನ ಮೊದಲ ಒಂದು ಗಂಟೆ, ಸಂಗಡಿಗರೊಡನೆ ಮಾತನಾಡುತ್ತ ಹೋಗಬಲ್ಲಷ್ಟೇ ವೇಗ ಸಾಕು. ಗಿಯರಿಲ್ಲದ ನಮ್ಮ ಭಾರವಾದ ಸೈಕಲ್ಲಿನಲ್ಲಿ ಎದುರುಗಾಳಿಗೆ ಎದ್ದು ನಿಂತು ತುಳಿಯುವುದು ಮೀನಖಂಡಕ್ಕೆ ಶಿಕ್ಷೆಯೇ ಸರಿ. ಅಂಥ ಕಡೆ ಇಳಿದು ನೂರು ಹೆಜ್ಜೆ ನಡೆದರೆ ಮಾನ ಹೋಗುವುದಿಲ್ಲ.

ಎರಡನೆಯದು ಸೀಟಿನ ಎತ್ತರ. ಇದನ್ನು ಪಾಲಕರು ದಯವಿಟ್ಟು ಗಮನಿಸಬೇಕು. ಎಂಟನೆಯ ಇಯತ್ತೆಯ ಮಗುವಿಗೆ 'ಹತ್ತನೆಯವರೆಗೂ ಬರಲಿ' ಎಂದು ದೊಡ್ಡವರ ಸೈಕಲ್ ಕೊಡಿಸುತ್ತೇವೆ. ಮಗು ಕಾಲ್ಬೆರಳು ಚಾಚಿ ಪೆಡಲನ್ನು ಮುಟ್ಟಬೇಕಾಗುತ್ತದೆ. ಬೆರಳು ಚಾಚಿದಾಗ ಮೀನಖಂಡ ಮೊದಲೇ ಕುಗ್ಗಿರುತ್ತದೆ. ಕುಗ್ಗಿದ ಸ್ನಾಯುವಿಗೆ ಮತ್ತೆ ಒತ್ತಡ ಬಿದ್ದಾಗಲೇ ಸೆಳೆತ ಬೇಗ ಹಿಡಿಯುವುದು. ದೊಡ್ಡವರ ತೊಂದರೆ ಇದಕ್ಕೆ ವಿರುದ್ಧ: ಸೀಟು ತೀರ ತಗ್ಗಾಗಿ ಮೊಣಕಾಲು ಸದಾ ಮಡಿಚಿಯೇ ಇರುತ್ತದೆ. ಅಳತೆ ಸುಲಭ. ಸೀಟಿನ ಮೇಲೆ ಕುಳಿತು ಪೆಡಲನ್ನು ಕೆಳಗೆ ತಂದು ಹಿಮ್ಮಡಿಯನ್ನು ಅದರ ಮೇಲಿಟ್ಟರೆ ಮೊಣಕಾಲು ನೆಟ್ಟಗಾಗಬೇಕು. ತುಳಿಯುವಾಗ ಪಾದದ ಮುಂಭಾಗವನ್ನು ಇಟ್ಟರೆ ಮೊಣಕಾಲು ತಾನಾಗಿ ತುಸು ಬಾಗುತ್ತದೆ. ಅದೇ ಸರಿಯಾದ ಎತ್ತರ. ಚೈನಿಗೆ ಎಣ್ಣೆ, ಟೈರಿಗೆ ತಕ್ಕ ಗಾಳಿ, ಉಜ್ಜದ ಬ್ರೇಕು, ಇವೂ ಕಾಲಿನ ಭಾರವನ್ನು ಇಳಿಸುತ್ತವೆ.

ಮೂರನೆಯದು ಅನ್ನಪಾನ. ಉಪ್ಪೇ ಸರ್ವಸ್ವವಲ್ಲವೆಂದ ಮಾತ್ರಕ್ಕೆ ನೀರನ್ನು ಮರೆಯಬಾರದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಸೀಮೆ ನಮ್ಮದು. ಬೆಳಗಿನ ಐದಕ್ಕೇ ಹೊರಟು ಬಿಸಿಲೇರುವ ಮುನ್ನ ತಲುಪಬೇಕು. ಬಾಯಾರಿದಂತೆಲ್ಲ ಗುಟುಕು ಗುಟುಕಾಗಿ ಕುಡಿಯಬೇಕು. ಒಮ್ಮೆಗೇ ತಂಬಿಗೆ ಬರಿದು ಮಾಡಬಾರದು. ಬರಿಯ ನೀರನ್ನು ಅತಿಯಾಗಿ ಕುಡಿದರೆ ರಕ್ತದ ಸೋಡಿಯಂ ಇಳಿದು ಅಪಾಯವಾದೀತು. ಉಪ್ಪು ಹಾಕಿದ ಮಜ್ಜಿಗೆ ನಮ್ಮ ಹಿರಿಯರು ಕೊಟ್ಟ ಒಳ್ಳೆಯ ಪಾನೀಯ. ಹಿಂದಿನ ರಾತ್ರಿ ಹೊಟ್ಟೆ ತುಂಬ ಜೋಳದ ರೊಟ್ಟಿ, ದಾರಿಯಲ್ಲಿ ಶೇಂಗಾ ಬೆಲ್ಲ ಇದ್ದರೆ ಕಸುವು ಉಳಿಯುತ್ತದೆ. ಬಾಳೆಹಣ್ಣು ತಿಂದೊಡನೆ ಸೆಳೆತ ಬಿಡುವುದೆಂಬುದು ಮಾತ್ರ ಭ್ರಮೆ. ಬೆವರಿನಲ್ಲಿ ಹೆಚ್ಚಾಗಿ ಹೋಗುವುದು ಸೋಡಿಯಂ, ಪೊಟ್ಯಾಸಿಯಂ ಅಲ್ಲ. ಹಣ್ಣು ಹಸಿವಿಗೆ ಒಳ್ಳೆಯದು, ಅಷ್ಟೇ.

ಇಷ್ಟಾಗಿಯೂ ಸೆಳೆತ ಬಂದರೆ ಹಟ ಮಾಡಿ ತುಳಿಯಬಾರದು. ಇಳಿದು ಕುಳಿತು, ಮೊಣಕಾಲನ್ನು ನೆಟ್ಟಗೆ ಮಾಡಿ, ಪಾದದ ಬೆರಳುಗಳನ್ನು ಕೈಯಿಂದ ತನ್ನ ಕಡೆಗೆ ಮೆಲ್ಲನೆ ಎಳೆದು ಅರ್ಧ ನಿಮಿಷ ಹಿಡಿಯಬೇಕು. ಎಳೆತದಿಂದ ಸ್ನಾಯುರಜ್ಜುವಿನ 'ಸಾಕು' ಎಂಬ ಕಾವಲು ಎಚ್ಚರಗೊಳ್ಳುತ್ತದೆ. ಜಗ್ಗಬಾರದು, ಗುದ್ದಬಾರದು.

ಐವತ್ತು ದಾಟಿದ ಹಳೆಯ ವಿದ್ಯಾರ್ಥಿ ಮಿತ್ರರಿಗೆ ಒಂದು ಮಾತು. ರಕ್ತದೊತ್ತಡಕ್ಕೆಂದು ಮೂತ್ರ ಹೆಚ್ಚಿಸುವ ಗುಳಿಗೆ ನುಂಗುವವರು ಉಪ್ಪಿನ ಪಾನೀಯಕ್ಕೆ ಮುನ್ನ ವೈದ್ಯರನ್ನು ಕೇಳಬೇಕು. ನಡೆದಾಗಲೆಲ್ಲ ನೋಯ್ದು ನಿಂತೊಡನೆ ಮಾಯವಾಗುವ ನೋವು, ಒಂದೇ ಕಾಲು ಊದಿ ಬಿಸಿಯಾಗುವುದು, ಇವು ಸಾಮಾನ್ಯ ಸೆಳೆತಗಳಲ್ಲ. ರಕ್ತನಾಳದ ತೊಂದರೆಯ ಲಕ್ಷಣಗಳಿರಬಹುದು. ಅಂಥವರು ಜಾಥಾ ಬಿಟ್ಟು ಆಸ್ಪತ್ರೆಯ ದಾರಿ ಹಿಡಿಯುವುದು ವಿವೇಕ.

ಕೊನೆಯದಾಗಿ ಆಡಳಿತ ಮಂಡಳಿಗೂ ದಾನಿಗಳಿಗೂ ನನ್ನ ಬಿನ್ನಹ. ಜಾಥಾ ಒಂದು ದಿನದ್ದು. ಮಕ್ಕಳ ಸವಾರಿ ಪ್ರತಿದಿನದ್ದು. ಉತ್ಸವದ ಕಮಾನಿಗೂ ಧ್ವನಿವರ್ಧಕಕ್ಕೂ ತೆಗೆದಿಟ್ಟ ಹಣದಲ್ಲಿ ಸ್ವಲ್ಪವನ್ನು ಉಳಿಸಿ, ಶಾಲೆಯ ಅಂಗಳದಲ್ಲಿ ಒಂದು ಗಾಳಿ ಪಂಪು, ಪಾನೆಗಳ ಒಂದು ಪೆಟ್ಟಿಗೆ, ಕುಡಿಯುವ ನೀರಿನ ತೊಟ್ಟಿ, ಇಷ್ಟನ್ನು ಮಾಡಿಕೊಡಿ. ಪ್ರತಿ ಜೂನ್ ತಿಂಗಳಲ್ಲಿ ಶಾಲೆ ತೆರೆದ ಮೊದಲ ವಾರ ವ್ಯಾಯಾಮ ಶಿಕ್ಷಕರು ಪ್ರತಿ ಮಗುವಿನ ಸೀಟನ್ನೂ ಅಳೆದು ಸರಿಪಡಿಸಲಿ. ಸೆಳೆತ ಬಿಡಿಸುವ ಬಗೆಯನ್ನು ಕನ್ನಡದಲ್ಲಿಯೇ ಕಲಿಸಲಿ. ನೂರನೆಯ ವರ್ಷದ ಉತ್ಸವಕ್ಕೆ ಈ ಶಾಲೆ ಉಳಿಯಬೇಕಾದರೆ ಮಕ್ಕಳು ಇಲ್ಲಿಯವರೆಗೆ ಬಂದು ತಲುಪಬೇಕು. ಅವರ ದಾರಿಯನ್ನು ಹಗುರ ಮಾಡುವುದು ನಮ್ಮೆಲ್ಲರ ಕರ್ತವ್ಯವೆಂದು ನಾನು ಭಾವಿಸುತ್ತೇನೆ.