ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು

ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಿಡಿಭಾಗ ಆರಿಸಿ ತಂದು ಮನೆಯಲ್ಲೇ ಕಂಪ್ಯೂಟರ್ ಜೋಡಿಸುವ ಹುಡುಗರು, ಅದು ಮೊದಲ ಸಲ ಏಳದಿದ್ದರೆ ಮದರ್‌ಬೋರ್ಡ್ ಸತ್ತಿದೆ ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಪಾಪದ ಬೋರ್ಡಿನ ತಪ್ಪು ಇರುವುದು ಕಡಿಮೆ. ಫ್ಯಾನ್ ತಿರುಗುತ್ತಿದ್ದೂ ಪರದೆ ಕಪ್ಪಾಗಿದ್ದರೆ ಮೊದಲು ಬೋರ್ಡಿನ ಮೇಲಿನ ಎಡಮೂಲೆ ನೋಡಿ. ಪ್ರೊಸೆಸರಿಗೆಂದೇ ಇರುವ 8 ಪಿನ್ನಿನ ಕೇಬಲ್ ಸಾಮಾನ್ಯವಾಗಿ ಅಲ್ಲಿ ಸೇರಬೇಕು. 24 ಪಿನ್ನಿನ ದಪ್ಪ ಕೇಬಲ್ ಕಣ್ಣಿಗೆ ಬೀಳುತ್ತದೆ, ಇದು ಮರೆತುಹೋಗುತ್ತದೆ. ಆಮೇಲೆ ರ‍್ಯಾಮ್. ಹೊಸ ಸ್ಲಾಟ್ ಎಷ್ಟು ಬಿಗಿಯೆಂದರೆ ಬೋರ್ಡ್ ಮುರಿದೀತೆಂದು ಹೆದರಿ ಅರ್ಧಕ್ಕೇ ಕೈಬಿಡುವವರೇ ಹೆಚ್ಚು. ಕ್ಲಿಪ್ ‘ಟಕ್’ ಎನ್ನುವವರೆಗೆ ಒತ್ತಲೇಬೇಕು. ಡಿಡಿಆರ್5 ಆದರೆ ಇನ್ನೊಂದು ತಮಾಷೆ: ಮೊದಲ ಸಲ ಮೆಮೊರಿಯನ್ನು ಹೊಂದಿಸಿಕೊಳ್ಳಲು ಯಂತ್ರ ಕೆಲವು ನಿಮಿಷ ಸುಮ್ಮನೆ ಕೂರಬಹುದು, ನಾವು ಗಾಬರಿಬಿದ್ದು ಆಫ್ ಮಾಡುತ್ತೇವೆ, ಅದು ಮತ್ತೆ ಮೊದಲಿನಿಂದ ಶುರು. ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೆಗೆ ‘ಎಫ್’ ಇದ್ದರೆ ಅದರೊಳಗೆ ಗ್ರಾಫಿಕ್ಸ್ ಇಲ್ಲ. ಆಗ ಮಾನಿಟರ್ ಕೇಬಲನ್ನು ಗ್ರಾಫಿಕ್ಸ್ ಕಾರ್ಡಿಗೆ ಹಾಕದೆ ಬೋರ್ಡಿಗೆ ಸಿಕ್ಕಿಸಿದರೆ ಬೆಳಗಿನವರೆಗೆ ಕಾದರೂ ಚಿತ್ರ ಬಾರದು. ಫ್ಯಾನೂ ಅಲುಗದಿದ್ದರೆ ಬೋರ್ಡಿನ ಪವರ್ ಸ್ವಿಚ್ ಪಿನ್ನುಗಳೆರಡಕ್ಕೂ ಸ್ಕ್ರೂಡ್ರೈವರ್ ತುದಿಯನ್ನು ಕ್ಷಣಮಾತ್ರ ತಾಗಿಸಿ; ಚಾಲೂ ಆದರೆ ತೊಂದರೆ ಕ್ಯಾಬಿನೆಟ್ಟಿನ ಗುಂಡಿಯಲ್ಲೋ ಅದರ ವೈರಿನಲ್ಲೋ ಇದೆ. ಅದಕ್ಕೂ ಬಗ್ಗದಿದ್ದರೆ ಬೋರ್ಡನ್ನು ಹೊರತೆಗೆದು, ಅದು ಬಂದ ರಟ್ಟಿನ ಪೆಟ್ಟಿಗೆಯ ಮೇಲಿಟ್ಟು, ಪ್ರೊಸೆಸರ್, ಕೂಲರ್, ಒಂದೇ ರ‍್ಯಾಮ್ ಮತ್ತು ಪವರ್ ಸಪ್ಲೈ ಮಾತ್ರ ಜೋಡಿಸಿ (‘ಎಫ್’ ಪ್ರೊಸೆಸರಾದರೆ ಗ್ರಾಫಿಕ್ಸ್ ಕಾರ್ಡನ್ನೂ), ಓಡಿಸಿ ನೋಡಬೇಕು. ಅಲ್ಲಿ ಓಡಿ ಕ್ಯಾಬಿನೆಟ್ಟಿನಲ್ಲಿ ಓಡದಿದ್ದರೆ, ಬೇಡದ ಜಾಗದಲ್ಲಿ ಕೂರಿಸಿದ ಹಿತ್ತಾಳೆಯ ಆಧಾರ ಸ್ಕ್ರೂ (ಸ್ಟ್ಯಾಂಡ್‌ಆಫ್) ಬೋರ್ಡಿನ ಬೆನ್ನಿಗೆ ತಾಗಿ ಶಾರ್ಟ್ ಆಗುತ್ತಿರಬಹುದು.