ಬಾಣಂತಿಯ ಸೊಂಟನೋವಿಗೂ ಚಿಕಿತ್ಸೆ ಬೇಕು



ಗರ್ಭಿಣಿಯರ ಸೊಂಟನೋವು ಹೆರಿಗೆಯಾದರೆ ತಾನೇ ಹೋಗುತ್ತದೆ ಎಂದು ತಳ್ಳಿಹಾಕುವುದು ಸರಿಯಲ್ಲ. ಹಲವರಲ್ಲಿ ಅದು ಬಾಣಂತನ ಮುಗಿದ ಮೇಲೂ ಉಳಿಯುತ್ತದೆ. ಗೂಡಲೂರಿನ ಇಳಿಜಾರು ತೋಟಗಳಲ್ಲಿ ದಿನವಿಡೀ ನಿಂತು ಚಹಾ ಎಲೆ ಕೊಯ್ದು ಹೊರೆ ಹೊರುವ ಹೆಂಗಸರಿಗೆ ಈ ನೋವೆಂದರೆ ಕೂಲಿಯೂ ಹೋದಂತೆ. ಕೈಯಿಂದಲೇ ಕೀಲು, ಸ್ನಾಯುಗಳನ್ನು ಸಡಿಲಿಸುವ ಆಸ್ಟಿಯೊಪಥಿಯಂಥ ಚಿಕಿತ್ಸೆಗೆ ಆಧಾರವಿಲ್ಲ ಎನ್ನಲಾಗದು. 34 ಪ್ರಯೋಗಗಳಲ್ಲಿ ಪಾಲ್ಗೊಂಡ ಐದು ಸಾವಿರಕ್ಕೂ ಹೆಚ್ಚು ಗರ್ಭಿಣಿಯರ ಮಾಹಿತಿಯನ್ನು ಪರಿಶೀಲಿಸಿದ 2015ರ ಕಾಕ್ರೇನ್ ವಿಮರ್ಶೆ, ವ್ಯಾಯಾಮದಿಂದ ನೋವು ತಗ್ಗಬಹುದು, ಕೈಚಿಕಿತ್ಸೆಯೂ ನೆರವಾಗಬಹುದು ಎಂದಿದೆ. ಪುರಾವೆ ಇನ್ನೂ ಗಟ್ಟಿಯಾಗಿಲ್ಲ, ನಿಜ. ಆದರೆ ಗರ್ಭಿಣಿ ನುಂಗಬಹುದಾದ ನೋವಿನ ಮಾತ್ರೆಗಳೇ ಕಡಿಮೆ ಇರುವಾಗ ಈ ದಾರಿಯನ್ನು ಮುಚ್ಚುವುದು ನ್ಯಾಯವಲ್ಲ.

ಮನೆಯಲ್ಲೇ ಎಣ್ಣೆ ತಿಕ್ಕಿ ಬಿಸಿನೀರು ಹಾಕಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಅದರ ಹಿತವನ್ನು ಅಲ್ಲಗಳೆಯಲಾರೆ. ಆದರೆ ಬಾಣಂತಿಯ ಒಂದೇ ಕಾಲು ಊದಿ ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಅಲ್ಲಿ ತಿಕ್ಕುವುದು ಜೀವಕ್ಕೇ ಅಪಾಯ. ಸಿಸೇರಿಯನ್ ಗಾಯ, ಜ್ವರ, ರಕ್ತಸ್ರಾವ ಇದ್ದಾಗಲೂ ಮೊದಲು ವೈದ್ಯರೇ ನೋಡಬೇಕು. ಇಂಥ ಅಪಾಯಗಳನ್ನು ಗುರುತಿಸಲು ತರಬೇತಿ ಪಡೆದ ಕೈ ಬೇಕು. ಅದಕ್ಕಾಗಿ ಆಸ್ಟಿಯೊಪಥಿ ತಜ್ಞರು ಬೆಟ್ಟ ಹತ್ತಿ ಬರಲೆಂದು ಕಾಯಬೇಕಿಲ್ಲ. ತಮಿಳುನಾಡು ಸರ್ಕಾರದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆ 2021ರ ಆಗಸ್ಟ್‌ನಿಂದ ಫಿಸಿಯೊಥೆರಪಿಯನ್ನು ಮನೆಬಾಗಿಲಿಗೇ ಒಯ್ಯುತ್ತಿದೆ. ಸೊಂಟ ಹಿಡಿದ ಬಾಣಂತಿ ಮಸಿನಗುಡಿಯಿಂದ ಕಲ್ಲಟ್ಟಿ ಘಾಟಿಯ 36 ತಿರುವು ದಾಟಿ ಊಟಿಗೆ ಬರುವ ಬದಲು, ಆ ಫಿಸಿಯೊಥೆರಪಿಸ್ಟರೇ ಅವಳ ಮನೆಗೆ ಹೋಗುವಂತೆ ಜಿಲ್ಲಾ ಆರೋಗ್ಯ ಇಲಾಖೆ ವ್ಯವಸ್ಥೆ ಮಾಡಲಿ.

– ಓದುಗರೊಬ್ಬರು, ಉದಕಮಂಡಲ