ಹೆಸರಿಡುವ ಹಕ್ಕು ಯಾರದ್ದು?

ಮಂಗಳ ಮತ್ತು ಗುರು ಗ್ರಹಗಳ ನಡುವೆ ಒಂದು ಕಪ್ಪು ಬಂಡೆ ಸೂರ್ಯನನ್ನು ಸುತ್ತುತ್ತಿದೆ. ಅಗಲ ಸುಮಾರು 4 ಕಿಲೋಮೀಟರ್. ಒಂದು ಸುತ್ತಿಗೆ ಐದೂವರೆ ವರ್ಷ. ಹೆಸರು 316201 ಮಲಾಲ. ಹೌದು, ಹೆಣ್ಣುಮಕ್ಕಳ ಓದಿನ ಪರ ಮಾತಾಡಿದ್ದಕ್ಕೆ 2012ರಲ್ಲಿ ಗುಂಡೇಟು ತಿಂದ ಅದೇ ಮಲಾಲ ಯೂಸುಫ್‌ಝಾಯ್.

ಕನ್ನಡದಲ್ಲಿ ಇಂಥವಕ್ಕೆ ಕ್ಷುದ್ರಗ್ರಹ ಅಂತಾರೆ. ಕ್ಷುದ್ರ ಅಂದ್ರೆ ಅಲ್ಪ, ಕೀಳು. ಕಲ್ಲನ್ನೂ ಬಿಟ್ಟಿಲ್ಲ ನೋಡಿ!

2010ರಲ್ಲಿ ಇದನ್ನು ಪತ್ತೆಹಚ್ಚಿದ್ದು ನಾಸಾದ ವೈಸ್ ಬಾಹ್ಯಾಕಾಶ ದೂರದರ್ಶಕ. ಬಂಡೆಯ ಮೈ ಪ್ರಿಂಟರ್ ಟೋನರ್‌ನಷ್ಟು ಕಪ್ಪು. ಬಿದ್ದ ಬೆಳಕನ್ನೆಲ್ಲ ನುಂಗೋ ಇಂಥ ಕಲ್ಲುಗಳು ಮಾಮೂಲಿ ದೂರದರ್ಶಕಕ್ಕೆ ಸುಲಭವಾಗಿ ಕಾಣಲ್ಲ. ವೈಸ್ ಹಿಡೀತಿದ್ದದ್ದು ಇನ್‌ಫ್ರಾರೆಡ್, ಅಂದ್ರೆ ಕಲ್ಲಿನ ಶಾಖವನ್ನು. ಕಪ್ಪು ಕಲ್ಲು ತನ್ನ ಬಿಸಿಯಿಂದಲೇ ಗುರುತಿಗೆ ಬಂತು.

2015ರಲ್ಲಿ ಹೆಸರಿಟ್ಟವರು ಆ ತಂಡದ ಮುಖ್ಯಸ್ಥೆ ಏಮಿ ಮೈನ್ಜರ್. ಕಾರಣವನ್ನೂ ಬಿಡಿಸಿ ಹೇಳಿದ್ರು: ಹೆಣ್ಣುಮಕ್ಕಳ, ಅದರಲ್ಲೂ ಬಿಳಿಯರಲ್ಲದ ಹೆಣ್ಣುಮಕ್ಕಳ ಹೆಸರು ಹೊತ್ತ ಕ್ಷುದ್ರಗ್ರಹಗಳು ತೀರಾ ಕಮ್ಮಿ.

ಶುರುವಿನಲ್ಲಿ ಆಕಾಶ ಯಾರದ್ದಾಗಿತ್ತು? 1801ರ ಜನವರಿ 1ರಂದು ಪಲೆರ್ಮೊದಲ್ಲಿ ಪಿಯಾಜಿ ಮೊದಲನೆಯದನ್ನು ಕಂಡಾಗ, ರೋಮನ್ ದೇವತೆ ಸಿರಿಸ್ ಜತೆಗೆ ತನ್ನ ರಾಜ ಫರ್ಡಿನಾಂಡನ ಹೆಸರನ್ನೂ ಅಂಟಿಸಿದ್ದ. ರಾಜನ ಹೆಸರು ನಿಲ್ಲಲಿಲ್ಲ, ದೇವತೆ ಉಳಿದಳು.

ಹೆಸರಿನ ಬೆಲೆ ಏನು ಅಂತ ನಮಗೆ ಯಾರೂ ಪಾಠ ಮಾಡಬೇಕಿಲ್ಲ. ಮರಾಠವಾಡ ವಿಶ್ವವಿದ್ಯಾಲಯಕ್ಕೆ ಬಾಬಾಸಾಹೇಬರ ಹೆಸರಿಡಲು 1978ರಲ್ಲಿ ನಿರ್ಣಯ ಆದಮೇಲೂ 1994ರ ತನಕ ಹೋರಾಡಬೇಕಾಯ್ತು. ನಮ್ಮವರು ಮನೆ ಕಳಕೊಂಡರು, ಜೀವ ಕಳಕೊಂಡರು.

ಈಗ ಕ್ಷುದ್ರಗ್ರಹದ ನಿಯಮ ನೋಡಿ. ಒಪ್ಪಿಗೆ ಕೊಡೋದು ಅಂತರರಾಷ್ಟ್ರೀಯ ಖಗೋಳ ಒಕ್ಕೂಟ. ಆದರೆ ಕಕ್ಷೆ ಖಚಿತವಾಗಿ ನಂಬರ್ ಸಿಕ್ಕಮೇಲೆ 10 ವರ್ಷ, ಹೆಸರು ಸೂಚಿಸುವ ಹಕ್ಕು ಕಂಡುಹಿಡಿದವರದ್ದು. ಕಂಡವರದ್ದೇ ಮಾತು.

ಹಾಗಾಗಿ 'ನಮ್ಮವರ ಹೆಸರೂ ಇಡಿ ಸ್ವಾಮಿ' ಅಂತ ಮನವಿ ಕೊಟ್ಟರೆ ಸಾಲದು. ನೋಡುವ ಜಾಗದಲ್ಲಿ ನಮ್ಮ ಮಕ್ಕಳು ಕೂರಬೇಕು. ಶಾಲಾ ಮಕ್ಕಳ ತಂಡಗಳಿಗೆ ದೂರದರ್ಶಕದ ಚಿತ್ರಗಳನ್ನು ಪುಕ್ಕಟೆ ಕೊಟ್ಟು ಕ್ಷುದ್ರಗ್ರಹ ಹುಡುಕಿಸುವ ಅಂತರರಾಷ್ಟ್ರೀಯ ಕಾರ್ಯಕ್ರಮ ಇದೆ. ಬೇಕಿರೋದು ಕಂಪ್ಯೂಟರ್, ಇಂಟರ್ನೆಟ್, ಹೇಳಿಕೊಡೋ ಒಬ್ಬರು ಮೇಷ್ಟ್ರು. ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್‌ಗಳಿಗೆ, ಮೊರಾರ್ಜಿ ವಸತಿ ಶಾಲೆಗಳಿಗೆ ಇದು ಯಾಕೆ ಬರಬಾರದು? ಅನ್ನ, ಹಾಸಿಗೆ, ಶೌಚಾಲಯದ ಬೇಡಿಕೆ ಇದ್ದೇ ಇರುತ್ತೆ. ಮುಂದಿನ ಮನವಿ ಪತ್ರದಲ್ಲಿ ಈ ಒಂದು ಸಾಲೂ ಸೇರಲಿ ಸಂಗಾತಿಗಳೇ.

ನಮ್ಮನ್ನು ಕರೆಯೋ ಹೆಸರುಗಳನ್ನ ತಲೆತಲಾಂತರದಿಂದ ಬೇರೆಯವರೇ ಇಟ್ರು. ನಮ್ಮ ಕೇರಿಯ ಹುಡುಗಿಯೊಬ್ಬಳು ಆಕಾಶದ ಒಂದು ಕಲ್ಲಿಗೆ ಹೆಸರಿಡಲಿ. ಯಾರ ಹೆಸರು ಅನ್ನೋದನ್ನ ಅವಳೇ ತೀರ್ಮಾನ ಮಾಡಲಿ.

ಜೈ ಭೀಮ್.